ಹೊಳೆ ದಾಟಿ ಬಂದವರಿಗೆ

"ಕೊಟ್ಟವರ ಮಾತು ದೊಡ್ಡದೋ, ಬೇಡಿ ಬಂದವರ ಹಸಿವು ದೊಡ್ಡದೋ?" ಎಂದು ಶಿಷ್ಯ ಕೇಳಿದ.

ಅವನ ಹೆಸರು ಸಿದ್ಧವೀರ. ಕಲಿಕೆ ಮುಗಿದಿತ್ತು. ಊರಿನವರು ಅವನನ್ನು ಕರೆದೊಯ್ಯಲು ಬರುವವರಿದ್ದರು. ಆ ಊರಿನಲ್ಲಿ ಹಲವು ಮನೆತನದವರು ಧರ್ಮಕ್ಕೆಂದು ಬಿಟ್ಟ ದತ್ತಿಗಳಿದ್ದವು. ಅವುಗಳ ಹುಟ್ಟುವಳಿಯನ್ನು ಹಂಚುವ ಕೆಲಸ ಇನ್ನು ಮೇಲೆ ಅವನದು. ಅದನ್ನು ನೆನೆದಾಗಲೆಲ್ಲ ಅವನಿಗೆ ಅಳುಕಾಗುತ್ತಿತ್ತು. ಕೊಟ್ಟವರು ಒಂದೊಂದಕ್ಕೂ ಒಂದೊಂದು ಕಟ್ಟು ಹಾಕಿ ಹೋಗಿದ್ದಾರೆ. ಬೇಡುವವರ ಕಷ್ಟ ಆ ಕಟ್ಟನ್ನು ಕೇಳಿಕೊಂಡು ಬರುವುದಿಲ್ಲ. ನಡುವೆ ನಿಂತವನು ಯಾರ ಮುಖ ನೋಡಬೇಕು?

ಗುರುಗಳು, ಕುಳಿತುಕೋ, ಒಬ್ಬ ನೇಕಾರನ ಕತೆ ಹೇಳುತ್ತೇನೆ ಎಂದರು.

ಹೊಳೆಯ ದಂಡೆಯ ದಿಬ್ಬದ ಮೇಲೆ ಒಂದು ಊರಿತ್ತು. ಊರು ಈಚೆ ದಡದಲ್ಲಿ. ಊರಿಗೇ ಸೇರಿದ ಕುಂಬಾರರ ಕೇರಿ ಮಾತ್ರ ಆಚೆ ದಡದಲ್ಲಿ. ಮಡಕೆಗೆ ಒಗ್ಗುವ ಮಣ್ಣು ಆಚೆಗಿತ್ತು, ಅದಕ್ಕೇ ಅವರು ಅಲ್ಲಿ ಮನೆ ಮಾಡಿಕೊಂಡಿದ್ದರು. ನಡುವೆ ಅಂಬಿಗನ ಹರಿಗೋಲು ಓಡಾಡುತ್ತಿತ್ತು.

ಆ ಊರಿನಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಉಳ್ಳವರು ತಮ್ಮ ಹೊಲದಲ್ಲಿ ಒಂದು ಪಾಲನ್ನು ಊರಿಗೆ ಬಿಡುತ್ತಿದ್ದರು. ಬಿಟ್ಟ ಹೊಲವನ್ನು ಯಾರೂ ಮಾರುವಂತಿಲ್ಲ. ಬೆಳೆದ ಜೋಳದಲ್ಲಿ ಮರುವರ್ಷದ ಬಿತ್ತನೆಗೆ ಬೇಕಾದದ್ದನ್ನು ಮೊದಲು ತೆಗೆದಿಡಬೇಕು. ಉಳಿದದ್ದನ್ನು ಹಂಚಬೇಕು. ಯಾರ ಹೊಲದ ಜೋಳ ಯಾರಿಗೆ ಎಂಬುದನ್ನು ಬಿಟ್ಟವರೇ ಹೇಳಿ ಕಲ್ಲಿನಲ್ಲಿ ಕೊರೆಸುತ್ತಿದ್ದರು. ಒಬ್ಬನದು ಓದುವ ಮಕ್ಕಳಿಗೆ, ಒಬ್ಬಳದು ಸೂಲಗಿತ್ತಿಯರಿಗೆ, ಇನ್ನೊಬ್ಬನದು ಬಾವಿಯ ಹೂಳೆತ್ತುವವರಿಗೆ. ಪ್ರತಿ ಕಲ್ಲಿನ ಕೊನೆಗೂ ಒಂದು ಶಾಪ ಇರುತ್ತಿತ್ತು. ಈ ಮಾತಿಗೆ ತಪ್ಪಿದವನು ಗಂಗೆಯ ದಡದಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗಲಿ ಎಂದು. ಜೋಳವನ್ನು ಚಾವಡಿಯ ಹಿಂದೆ ನೆಲದಲ್ಲಿ ತೋಡಿದ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಒಂದೊಂದು ದತ್ತಿಗೂ ಒಂದೊಂದು ಹಗೇವು. ಬಿತ್ತನೆಯ ಜೋಳಕ್ಕೆ ಬೇರೆಯದೇ ಹಗೇವು.

ಇದನ್ನೆಲ್ಲ ನೋಡಿಕೊಳ್ಳಲು ಊರು ಒಬ್ಬ ಯಜಮಾನನನ್ನು ಆರಿಸುತ್ತಿತ್ತು. ಒಂದು ಕಾಲದಲ್ಲಿ ಆ ಕೆಲಸಕ್ಕಿದ್ದವನು ಮೆತ್ತನೆಯ ಮನುಷ್ಯ. ಕಣ್ಣೀರು ಹಾಕಿ ಕೇಳಿದವರಿಗೆಲ್ಲ ಮೂಟೆ ಹೊರಿಸಿ ಕಳಿಸುತ್ತಿದ್ದ. ಹಾಗೆ ಹೋದ ಮೂಟೆಗಳಲ್ಲಿ ಎಷ್ಟೋ ಸಂತೆಯಲ್ಲಿ ಮಾರಾಟವಾದವು. ಕೊನೆಗೆ ಬಿತ್ತನೆಯ ಹಗೇವನ್ನೂ ಅವನು ತೆರೆದ. ಆ ವರ್ಷ ದತ್ತಿಯ ಹೊಲಗಳು ಬೀಳು ಬಿದ್ದವು. ಮಕ್ಕಳಿಗೂ ಸಿಗಲಿಲ್ಲ, ಸೂಲಗಿತ್ತಿಯರಿಗೂ ಸಿಗಲಿಲ್ಲ. ಅವನು ತಲೆ ಎತ್ತಲಾರದೆ ಊರು ಬಿಟ್ಟ.

ಆಮೇಲೆ ಊರು ಕೇತಯ್ಯ ಎಂಬ ನೇಕಾರನನ್ನು ಆರಿಸಿತು. ಅವನು ಒಂದು ಎಳೆ ತಪ್ಪಿದರೆ ಒಂದು ಮೊಳ ಬಿಚ್ಚಿ ಮತ್ತೆ ನೇಯುವವನು. ಕೈ ಶುದ್ಧ, ಮಾತು ಶುದ್ಧ. ಹಗೇವಿನ ಜವಾಬ್ದಾರಿ ಹೊತ್ತ ದಿನ ಅವನು ಪ್ರತಿ ಕಲ್ಲಿನ ಮುಂದೆಯೂ ನಿಂತು, ನಿಮ್ಮ ಮಾತು ನನ್ನ ಕೈಯಲ್ಲಿ ಕೆಡುವುದಿಲ್ಲ ಎಂದು ಕೈಮುಗಿದ. ಅವನು ಹೊಸದೊಂದು ಕಟ್ಟಳೆಯನ್ನೂ ತಂದ. ಹಸಿದವರಿಗೆ ಅನ್ನ ಹಾಕಲೆಂದು ಬಿಟ್ಟ ದತ್ತಿಯ ಜೋಳ ಇನ್ನು ಮೇಲೆ ಕಾಳಾಗಿ ಹೊರಗೆ ಹೋಗಕೂಡದು. ಬೇಯಿಸಿ, ಎದುರಿಗೆ ಕೂರಿಸಿ, ಉಣಬಡಿಸಬೇಕು. ಉಣ್ಣುವುದನ್ನು ಕಣ್ಣಾರೆ ಕಂಡರೆ ಮೋಸಕ್ಕೆ ಎಡೆಯಿರುವುದಿಲ್ಲ ಎಂದು ಅವನ ಲೆಕ್ಕಾಚಾರ. ಊರು ಒಪ್ಪಿತು.

ಸುಗ್ಗಿ ಮುಗಿದ ಮೇಲೆ ಒಂದು ದಿನ ಗೊತ್ತುಮಾಡಿ ಅವನು ಚಾವಡಿಯಲ್ಲಿ ಕೂರುತ್ತಿದ್ದ. ಬೇಕಾದವರು ಬಂದು ಕೇಳಬೇಕು. ಅವನು ವಿಚಾರಿಸಿ, ಕಲ್ಲಿನ ಮಾತಿಗೆ ಹೊಂದಿದರೆ ಅಳೆದು ಕೊಡುತ್ತಿದ್ದ. ಹೊಂದದಿದ್ದರೆ ಯಾಕೆ ಹೊಂದುವುದಿಲ್ಲ ಎಂದು ತಿಳಿಯುವಂತೆ ಹೇಳಿ ಕಳಿಸುತ್ತಿದ್ದ. ಕುಂಬಾರರು ಮಾತ್ರ ಆ ದಿನ ಬರುತ್ತಿದ್ದದ್ದು ಕಡಿಮೆ. ಅದು ಅವರು ಆವಿಗೆಯಲ್ಲಿ ಮಡಕೆ ಸುಡುವ ಕಾಲ. ಬೆಂಕಿ ಬಿಟ್ಟು ಬರಲಾಗುತ್ತಿರಲಿಲ್ಲ. ಕೇಳಲು ಬಾರದವರಿಗೆ ಕೊರತೆಯಿಲ್ಲ ಎಂದು ಊರು ತಿಳಿದಿತ್ತು. ಕೇತಯ್ಯನೂ ಹಾಗೆಯೇ ತಿಳಿದಿದ್ದ.

ಹೀಗೆ ಕೆಲವು ವರ್ಷ ನಡೆಯಿತು. ಹಗೇವುಗಳು ತುಂಬಿದವು. ಬೇರೆ ಊರಿನವರೂ ಬಂದು ಪದ್ಧತಿ ನೋಡಿಕೊಂಡು ಹೋದರು.

ಒಂದು ಮಳೆಗಾಲ ಹೊಳೆಗೆ ಹಿಂದೆಂದೂ ಕಾಣದಷ್ಟು ನೀರು ಬಂತು. ಈಚೆಯ ದಿಬ್ಬದ ಮೇಲಿನ ಊರಿಗೆ ಏನೂ ಆಗಲಿಲ್ಲ. ಆಚೆಯ ಕೇರಿ ಮುಳುಗಿತು. ಅಂಬಿಗನ ಹರಿಗೋಲು ಕಟ್ಟಿದ ಗೂಟದ ಸಮೇತ ಕೊಚ್ಚಿಹೋಯಿತು. ಕುಂಬಾರರು ಉಟ್ಟ ಬಟ್ಟೆಯಲ್ಲಿ ಹಿಂದಿನ ಗುಡ್ಡ ಹತ್ತಿದರು. ಅವರ ಆವಿಗೆ, ಮಣ್ಣು, ಮನೆಯಲ್ಲಿದ್ದ ಕಾಳು ಎಲ್ಲ ಹೊಳೆಯ ಪಾಲಾಯಿತು. ಈಚೆ ದಡದವರು ಬಂದು ನಿಂತು ನೋಡಿದರು. ಗುಡ್ಡದ ಮೇಲೆ ಜನ ಓಡಾಡುವುದು ಕಾಣುತ್ತಿತ್ತು. ಒಲೆಯ ಹೊಗೆ ಕಾಣಲಿಲ್ಲ. ಮರುದಿನವೂ ಕಾಣಲಿಲ್ಲ. ಅದರ ಮರುದಿನವೂ ಕಾಣಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಆಚೆಯಿಂದ ಒಬ್ಬ ಹೆಂಗಸು ದಾಟಿ ಬಂದಳು. ಅವಳ ಹೆಸರು ಮಾಚವ್ವೆ, ಕುಂಬಾರರ ಹಿರಿಯನಾದ ಬೊಮ್ಮಜ್ಜನ ಸೊಸೆ. ನೀರಿಗೆ ಸಿಕ್ಕದೆ ಉಳಿದಿದ್ದ ದೊಡ್ಡ ಮಣ್ಣಿನ ಗುಡಾಣಗಳನ್ನು ಬಾಯಿ ಕಟ್ಟಿ, ಬಿದಿರಿಗೆ ಬಿಗಿದು ತೆಪ್ಪ ಮಾಡಿಕೊಂಡಿದ್ದಳು. ಚಿಕ್ಕಂದಿನಿಂದ ಹೊಳೆಯಾಚೆಗೆ ಮಡಕೆ ಸಾಗಿಸಿ ಅವಳಿಗೆ ಅಭ್ಯಾಸವಿತ್ತು. ಆದರೂ ಅವಳು ದಡ ಮುಟ್ಟಿದ್ದು ಹರಿಗೋಲಿನ ಘಟ್ಟದಿಂದ ಬಹಳ ಕೆಳಗೆ. ಅಲ್ಲಿಂದ ನಡೆದು ಚಾವಡಿಗೆ ಬಂದಳು.

ಕೇತಯ್ಯ ಅವಳಿಗೆ ಮೊದಲು ಅಂಬಲಿ ತರಿಸಿದ. ಅವಳು ಮುಟ್ಟಲಿಲ್ಲ. ಗುಡ್ಡದ ಮೇಲೆ ಇರುವವರ ಸ್ಥಿತಿಯನ್ನು ಹೇಳಿದಳು. ಮಕ್ಕಳು ಅಳುವುದನ್ನು ನಿಲ್ಲಿಸಿವೆ ಎಂದಳು. ಒಬ್ಬಳು ಹೆತ್ತು ವಾರ ಕಳೆದಿಲ್ಲ, ಅವಳ ಎದೆಯಲ್ಲಿ ಹಾಲು ಬತ್ತಿದೆ ಎಂದಳು. ಆಮೇಲೆ ಕೇಳಿದಳು.

"ಅಯ್ಯಾ, ತೆಪ್ಪದ ಮೇಲೆ ಒಂದು ಮೂಟೆ ಹಿಡಿಯುತ್ತದೆ. ಕೊಡಿ, ನಾನು ಒಯ್ಯುತ್ತೇನೆ."

ಕೇತಯ್ಯನಿಗೆ ಕೂಡಲೇ ಹೂಂ ಎನ್ನಬೇಕೆನಿಸಿತು. ಬಾಯಿಗೆ ಬಂದ ಮಾತನ್ನು ಅವನು ತಡೆದುಕೊಂಡ. ಕಣ್ಣೀರಿಗೆ ಕರಗಿ ಮೂಟೆ ಕೊಟ್ಟ ಹಿಂದಿನ ಯಜಮಾನ ಅವನ ಕಣ್ಣ ಮುಂದೆ ಬಂದ. ಇಲ್ಲೇ ಕುಳಿತಿರು ತಾಯಿ, ಹಿರಿಯರನ್ನು ಕೇಳಿ ಬರುತ್ತೇನೆ ಎಂದು ಎದ್ದ.

ಹಿರಿಯರು ಬೇಗನೆ ಸೇರಿದರು. ಯಾರೂ ಕಲ್ಲೆದೆಯವರಲ್ಲ. ಒಬ್ಬ, ಬಿತ್ತನೆಯ ಹಗೇವನ್ನೇ ತೆರೆಯೋಣ, ಜೀವಕ್ಕಿಂತ ದೊಡ್ಡದು ಯಾವುದು ಎಂದ. ಕೇತಯ್ಯ ತಲೆಯಾಡಿಸಿದ. ಈ ಊರು ಒಮ್ಮೆ ಹಾಗೆ ಮಾಡಿ ಅದರ ಫಲ ಉಂಡಿದೆ, ಅದನ್ನು ಮುಟ್ಟಿದರೆ ಬರುವ ವರ್ಷ ಇನ್ನೆಷ್ಟು ಜನ ಹಸಿಯುತ್ತಾರೋ ಎಂದ. ಆ ಮಾತು ಸರಿಯಿತ್ತು. ಓದುವ ಮಕ್ಕಳ ಹಗೇವು, ಸೂಲಗಿತ್ತಿಯರ ಹಗೇವು ಎಂದು ಒಂದೊಂದನ್ನೇ ನೆನೆದರು. ಒಂದರ ಮಾತೂ ಕುಂಬಾರರಿಗೆ ಹೊಂದಲಿಲ್ಲ. ಕೊನೆಗೆ ಉಳಿದದ್ದು ಸೋವಿಸೆಟ್ಟಿಯ ಹಗೇವು.

ಸೋವಿಸೆಟ್ಟಿ ಎಣ್ಣೆಯ ವ್ಯಾಪಾರಿ. ಇನ್ನೂ ಬದುಕಿದ್ದ, ಹಾಸಿಗೆ ಹಿಡಿದಿದ್ದ. ದಾರಿಹೋಕರಿಗೆಂದು ಛತ್ರ ಕಟ್ಟಿಸಿ, ಒಳ್ಳೆಯ ಹೊಲವೊಂದನ್ನು ಅದಕ್ಕೆ ಬಿಟ್ಟಿದ್ದ. ಹೊಳೆ ದಾಟಿ ಬಂದು ಹಸಿದವರಿಗೆ ಅನ್ನ ಎಂದು ಅವನ ಕಲ್ಲು ಹೇಳುತ್ತಿತ್ತು. ನೆರೆ ಬಂದ ಮೇಲೆ ದಾರಿಹೋಕರು ಯಾರೂ ಇರಲಿಲ್ಲ. ಆ ಹಗೇವು ಬಾಯಿಮಟ್ಟ ತುಂಬಿತ್ತು.

ಕೇತಯ್ಯ ಸೋವಿಸೆಟ್ಟಿಯ ಮನೆಗೆ ಹೋದ. ಹಾಸಿಗೆಯ ಬಳಿ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ನಿಮ್ಮ ಜೋಳವನ್ನು ಈ ಒಂದು ಸಲ ಆಚೆಗೆ ಕಳಿಸಲು ಅಪ್ಪಣೆ ಕೊಡಿ ಎಂದು ಬೇಡಿದ. ಸೆಟ್ಟಿ ತಲೆಯಲ್ಲಾಡಿಸಿದ.

"ಬಿಟ್ಟ ಮೇಲೆ ಅದು ನನ್ನದಲ್ಲ, ಕೇತಯ್ಯ" ಎಂದ. "ನನ್ನ ಮಾತನ್ನು ಇವತ್ತು ಕನಿಕರದಿಂದ ನಾನು ತಿದ್ದಿದರೆ, ನಾಳೆ ಆಸೆಯಿಂದ ನನ್ನ ಮಕ್ಕಳು ತಿದ್ದುತ್ತಾರೆ. ಹೊಲವನ್ನೇ ಹಿಂದಕ್ಕೆ ಕೇಳುತ್ತಾರೆ. ಅಪ್ಪಣೆ ಕೊಡಲು ನಾನು ಯಾರು?"

ಕೇತಯ್ಯನೇ ಆ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದ. ಎದ್ದು ಬೀದಿಗೆ ಬಂದ. ಹೊಳೆಯ ಮೊರೆತ ಊರ ನಡುವಿನವರೆಗೂ ಕೇಳುತ್ತಿತ್ತು. ಕೊಟ್ಟರೆ ಮಾತು ಕೆಡುತ್ತದೆ, ಕೊಡದಿದ್ದರೆ ಜೀವ ಹೋಗುತ್ತದೆ. ಅವನ ಕಾಲು ತಾನಾಗಿ ಛತ್ರದ ಮುಂದಿನ ಕಲ್ಲಿನ ಬಳಿಗೆ ಹೋಯಿತು. ಅದನ್ನು ಅವನು ಎಷ್ಟೋ ಸಲ ಓದಿದ್ದ. ಈಗ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ.

ಹೊಳೆ ದಾಟಿ ಬಂದು ಹಸಿದವರಿಗೆ ಎಂದಿತ್ತು. ಪರವೂರಿನವರಿಗೆ ಎಂದಿರಲಿಲ್ಲ.

ಅವನು ಓಡುತ್ತಲೇ ಚಾವಡಿಗೆ ಬಂದ. ಹಿರಿಯರಲ್ಲಿ ಕೆಲವರು ಒಪ್ಪಲಿಲ್ಲ. ಕುಂಬಾರರು ದಾರಿಹೋಕರಲ್ಲ, ನಮ್ಮವರೇ, ಸೆಟ್ಟಿಯ ಮನಸ್ಸಿನಲ್ಲಿದ್ದದ್ದು ಬೇರೆ ಎಂದರು. ಕೇತಯ್ಯ ಬಿಡಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ನಾವು ಕಾಣಲಾರೆವು, ಕಲ್ಲಿನಲ್ಲಿರುವುದನ್ನು ಕಾಣಬಲ್ಲೆವು ಎಂದ. ಯಾವ ಊರಿನವರೇ ಆಗಲಿ, ಹೊಳೆ ದಾಟಿ ಬಂದು ಛತ್ರದ ಮೆಟ್ಟಿಲು ಹತ್ತಿದರೆ ಅವರಿಗೆ ಅನ್ನ ಉಂಟು ಎಂದ. ಅವನು ಯಾವತ್ತೂ ಅಷ್ಟು ಗಟ್ಟಿಯಾಗಿ ಮಾತಾಡಿದವನಲ್ಲ. ಕೊನೆಗೆ ಎಲ್ಲರೂ ಒಪ್ಪಿದರು. ಒಬ್ಬ ಹಿರಿಯ ಅವನ ಕೈ ಹಿಡಿದು, ನೀನು ಮಾತನ್ನೂ ಉಳಿಸಿದೆ, ಜೀವವನ್ನೂ ಉಳಿಸಿದೆ ಎಂದ.

ಮಾಚವ್ವೆ ಕುಳಿತಲ್ಲೇ ಕುಳಿತಿದ್ದಳು. ಕೇತಯ್ಯ ಅವಳ ಹತ್ತಿರ ಹೋಗಿ ಹೇಳಿದ. ಛತ್ರದಲ್ಲಿ ಒಲೆ ಹಚ್ಚಿಸುತ್ತೇನೆ, ನಿಮ್ಮವರನ್ನೆಲ್ಲ ಕರೆದು ತಾ, ಬಂದವರಿಗೆಲ್ಲ ಎಷ್ಟು ದಿನವಾದರೂ ಊಟ ಇದೆ ಎಂದ.

ಅವಳು ಹೊಳೆಯ ಕಡೆ ನೋಡಿದಳು.

"ಮುದುಕರಿದ್ದಾರೆ ಅಯ್ಯಾ. ಬಾಣಂತಿ ಇದ್ದಾಳೆ."

"ನಿಧಾನವಾಗಿ ಇಬ್ಬಿಬ್ಬರನ್ನೇ ಕೂರಿಸಿಕೊಂಡು ಬಾ, ತಾಯಿ. ಇದಕ್ಕಿಂತ ಹೆಚ್ಚು ಮಾಡುವುದು ನನ್ನ ಕೈಯಲ್ಲಿಲ್ಲ."

ಅವಳು ಅಂಬಲಿಯ ಬಟ್ಟಲನ್ನು ಎತ್ತಿ ನಿಂತಲ್ಲೇ ಕುಡಿದಳು. ಹೊಳೆಗೆ ಮರಳಬೇಕಾದರೆ ತೋಳಿಗೆ ಬಲ ಬೇಕಿತ್ತು. ತೆಪ್ಪವನ್ನು ದಡದುದ್ದಕ್ಕೂ ಮೇಲಕ್ಕೆ ಎಳೆದುಕೊಂಡು ಹೋಗಲು ಅಂಬಿಗನೂ ಇನ್ನಿಬ್ಬರೂ ಕೈಹಾಕಿದರು. ಬಹಳ ಮೇಲಿನಿಂದ ಇಳಿದರೆ ಮಾತ್ರ ಆಚೆ ಗುಡ್ಡದ ಬುಡಕ್ಕೆ ಸೇರಲು ಸಾಧ್ಯವಿತ್ತು. ಅವಳು ಹೋದಳು.

ಕೇತಯ್ಯ ತಾನೇ ನಿಂತು ಸೋವಿಸೆಟ್ಟಿಯ ಹಗೇವನ್ನು ತೆರೆಸಿದ. ಹೆಂಗಸರು ಬೀಸಲು ಕುಳಿತರು. ಛತ್ರದ ಒಲೆಗಳೆಲ್ಲ ಹತ್ತಿಕೊಂಡವು. ದೊಡ್ಡ ಹಂಡೆಗಳಲ್ಲಿ ಅಂಬಲಿ ಕುದಿಯಿತು. ಊರಿನವರು ಎಲೆ ತಂದರು, ಹಳೆಯ ಬಟ್ಟೆ ತಂದರು, ಬಾಣಂತಿಗೆಂದು ಬೆಲ್ಲ ತಂದರು. ಕೇತಯ್ಯ ಒಂದು ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ದಡಕ್ಕೆ ಬಂದು ನಿಂತ.

ಮೊದಲ ಸಲ ಮಾಚವ್ವೆ ಎರಡು ಮಕ್ಕಳನ್ನು ತಂದಳು. ಮಕ್ಕಳು ತೆಪ್ಪದ ಬಿದಿರನ್ನು ಹಿಡಿದ ಕೈ ಬಿಡಲೊಲ್ಲದೆ ಹೋದವು. ಅಂಬಿಗ ಬೆರಳುಗಳನ್ನು ಬಿಡಿಸಿ ಎತ್ತಿಕೊಂಡ. ಎರಡನೆಯ ಸಲ ಒಬ್ಬ ತಾಯಿಯನ್ನೂ ಅವಳ ಮಗುವನ್ನೂ ತಂದಳು. ದಡದಲ್ಲಿದ್ದವರು ನೀರಿಗಿಳಿದು ತೆಪ್ಪವನ್ನು ಹಿಡಿದುಕೊಂಡರು. ಕೇತಯ್ಯ ಮಗುವಿಗೆ ಕಂಬಳಿ ಹೊದಿಸಿ ತಾನೇ ಛತ್ರಕ್ಕೆ ಹೊತ್ತು ನಡೆದ. ಮಗು ಅಂಬಲಿ ಕುಡಿಯುವುದನ್ನು ನೋಡಿದಾಗ ಅವನ ಕಣ್ಣು ತುಂಬಿತು. ಇಷ್ಟು ವರ್ಷ ಅಳೆದು ಹಂಚಿದ ಜೋಳದಲ್ಲಿ ಒಂದು ದಿನವೂ ಇಷ್ಟು ತೃಪ್ತಿ ಸಿಕ್ಕಿರಲಿಲ್ಲ ಎಂದುಕೊಂಡ.

ಅವನು ದಡಕ್ಕೆ ಮರಳುವ ಹೊತ್ತಿಗೆ ನೀರಿನ ಬಣ್ಣ ಬದಲಾಗಿತ್ತು. ಮೇಲಿನ ಸೀಮೆಯಲ್ಲಿ ಮತ್ತೆ ಮಳೆಯಾಗಿರಬೇಕು ಎಂದು ಅಂಬಿಗ ಹೇಳಿದ. ಬುಡ ಸಮೇತ ಕಿತ್ತ ಗಿಡಗಳು ತೇಲಿ ಬರುತ್ತಿದ್ದವು. ಬೇಡ ಎಂದು ಕೂಗುತ್ತ ಅಂಬಿಗ ಕೈ ಬೀಸಿದ. ಮೊರೆತದಲ್ಲಿ ಕೂಗು ಆಚೆಗೆ ಮುಟ್ಟಲಿಲ್ಲ. ಕೈ ಬೀಸಿದ್ದನ್ನು ಆಚೆಯವರು ಕರೆಯುತ್ತಿದ್ದಾರೆ ಎಂದು ತಿಳಿದರೋ ಏನೋ.

ತೆಪ್ಪ ಆಚೆಯ ದಡ ಬಿಟ್ಟಿತು. ಈ ಸಲ ಅದರ ಮೇಲೆ ಬಾಣಂತಿ ಇದ್ದಳು, ಅವಳ ಮಡಿಲಲ್ಲಿ ಕೂಸಿತ್ತು. ಬೊಮ್ಮಜ್ಜ ಅವಳ ಬೆನ್ನಿಗೆ ಆತುಕೊಂಡು ಕುಳಿತಿದ್ದ. ಮಾಚವ್ವೆ ತೆಪ್ಪ ನಡೆಸುವ ಗಳ ಹಿಡಿದಿದ್ದಳು.

ನಡು ಹೊಳೆಯವರೆಗೆ ಅದು ನೆಟ್ಟಗೆ ಬಂತು. ಒಂದು ಮರ ತೇಲಿ ಬಂತು. ಅದರ ಕೊಂಬೆಗಳು ನೀರಿನ ಮೇಲೆ, ಬುಡ ನೀರಿನೊಳಗೆ. ಮಾಚವ್ವೆ ಗಳವನ್ನು ಅದಕ್ಕೆ ಒತ್ತಿ ದೂರ ತಳ್ಳಿದಳು. ಕೊಂಬೆ ದೂರ ಸರಿಯಿತು. ನೀರಿನೊಳಗಿನ ಬುಡ ತಿರುಗಿ ತೆಪ್ಪದ ಮಗ್ಗುಲಿಗೆ ಬಂತು. ಗುಡಾಣ ಒಡೆದ ಸದ್ದು ದಡದವರಿಗೆ ಕೇಳಲಿಲ್ಲ. ತೆಪ್ಪ ಒಂದು ಕಡೆಗೆ ವಾಲಿದ್ದು ಮಾತ್ರ ಕಂಡಿತು. ಬೊಮ್ಮಜ್ಜ ಕೈ ಚಾಚಿ ಬಾಣಂತಿಯ ಸೆರಗು ಹಿಡಿದ. ಆಮೇಲೆ ತೆಪ್ಪದ ಮೇಲೆ ಯಾರೂ ಇರಲಿಲ್ಲ.

ಕೇತಯ್ಯ ನೀರಿಗೆ ಇಳಿದ. ಅವನಿಗೆ ಈಜು ಬಾರದು. ನೀರು ಸೊಂಟಕ್ಕೆ ಬರುವಷ್ಟರಲ್ಲಿ ಅಂಬಿಗ ಹಿಂದಿನಿಂದ ಅವನನ್ನು ಅವುಚಿ ಹಿಡಿದು ದಡಕ್ಕೆ ಎಳೆದು ಹಾಕಿದ. ಅವನು ಕೆಸರಿನಲ್ಲಿ ಕುಳಿತು ಹೊಳೆಯನ್ನೇ ನೋಡಿದ.

ಮಾಚವ್ವೆ ಒಡೆಯದ ಒಂದು ಗುಡಾಣಕ್ಕೆ ತೆಕ್ಕೆ ಹಾಯ್ದು ಬಹಳ ಕೆಳಗೆ ದಡ ಸೇರಿದಳು. ಬೊಮ್ಮಜ್ಜನ ದೇಹ ಸಂಜೆಗೆ ಒಂದು ಜಾಲಿಯ ಪೊದೆಯಲ್ಲಿ ಸಿಕ್ಕಿತು. ಬಾಣಂತಿಯೂ ಕೂಸೂ ಸಿಗಲಿಲ್ಲ.

ಮಾಚವ್ವೆಯನ್ನು ಛತ್ರಕ್ಕೆ ಕರೆತಂದರು. ಅಲ್ಲಿ ಮೊದಲು ದಾಟಿದ್ದವರು ಕುಳಿತಿದ್ದರು. ಮಕ್ಕಳ ಮುಂದೆ ಎಲೆ ಹಾಸಿತ್ತು. ಬಡಿಸುವವರು ಸೌಟು ಹಿಡಿದು ನಿಂತುಬಿಟ್ಟಿದ್ದರು. ಕೇತಯ್ಯ ಬಾಗಿಲಲ್ಲಿ ನಿಂತಿದ್ದ. ಮಾಚವ್ವೆ ಮಕ್ಕಳ ಪಕ್ಕದಲ್ಲಿ ಹೋಗಿ ಕುಳಿತಳು. ಒದ್ದೆ ಸೆರಗಿನಿಂದ ಚಿಕ್ಕದರ ಮುಖ ಒರೆಸಿದಳು.

"ಆರಿಹೋಗುತ್ತದೆ ಅಯ್ಯಾ. ಬಡಿಸಲು ಹೇಳಿ" ಎಂದಳು.

ಮರುದಿನ ನೀರು ಇಳಿಯಿತು. ಪಕ್ಕದೂರಿನಿಂದ ಹರಿಗೋಲು ತರಿಸಿದರು. ಗುಡ್ಡದ ಮೇಲೆ ಉಳಿದಿದ್ದವರೆಲ್ಲ ಜೀವಂತವಾಗಿ ದಾಟಿ ಬಂದರು. ಎಲ್ಲರಿಗೂ ಛತ್ರದಲ್ಲಿ ಊಟವಾಯಿತು. ಕೇರಿ ಮತ್ತೆ ಏಳುವವರೆಗೂ ಅವರು ಅಲ್ಲೇ ಉಂಡರು. ಸೋವಿಸೆಟ್ಟಿಯ ಮಾತು ಒಂದು ಅಕ್ಷರವೂ ತಪ್ಪದಂತೆ ನಡೆಯಿತು.

ಕೇತಯ್ಯ ಹಗೇವಿನ ಕೆಲಸ ಬಿಡುತ್ತೇನೆ ಎಂದು ಹಿರಿಯರ ಮುಂದೆ ಹೇಳಿದ. ಹಿರಿಯರು ಒಪ್ಪಲಿಲ್ಲ. ನಿನ್ನ ತಪ್ಪು ಏನಿದೆ, ಕಲ್ಲಿನಲ್ಲಿ ಇಲ್ಲದ ಕರುಣೆಯನ್ನು ಹುಡುಕಿ ತೆಗೆದವನು ನೀನು, ಹೊಳೆ ಮಾಡಿದ್ದಕ್ಕೆ ನೀನೇನು ಮಾಡುತ್ತೀಯೆ ಎಂದರು. ಕುಂಬಾರರೂ ಅವನನ್ನು ಬೈಯಲಿಲ್ಲ. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು.

ಸುಗ್ಗಿ ಬಂದಾಗ ಕೇತಯ್ಯ ಒಂದು ಕೆಲಸ ಮಾಡಿದ. ಅವನಿಗೆ ಅಪ್ಪ ಅಜ್ಜಂದಿರಿಂದ ಬಂದ ಒಂದೇ ಒಂದು ಹೊಲವಿತ್ತು. ಅದನ್ನು ಊರಿಗೆ ಬಿಟ್ಟ. ಅದರ ಹುಟ್ಟುವಳಿಯಿಂದ ಒಂದು ಗಟ್ಟಿಯಾದ ದೊಡ್ಡ ದೋಣಿ ಕಟ್ಟಿಸಬೇಕು. ಈ ದಡದಿಂದ ಆ ದಡಕ್ಕೆ ಹುರಿಹಗ್ಗ ಕಟ್ಟಿಸಬೇಕು. ನೆರೆಯ ಕಾಲದಲ್ಲಿ ದೋಣಿ ನಡೆಸುವ ಇಬ್ಬರು ಅಂಬಿಗರಿಗೆ ವರ್ಷಪೂರ್ತಿ ಜೋಳ ಕೊಡಬೇಕು. ಆಚೆಯಿಂದ ಹಸಿದು ಹೊರಟ ಒಬ್ಬರೂ ಹೊಳೆಯಲ್ಲಿ ಸಾಯಬಾರದು. ಹೀಗೆಂದು ಅವನು ಕಲ್ಲಿನಲ್ಲಿ ಕೊರೆಸಿದ. ಹಿರಿಯರು ಶಾಪದ ಸಾಲನ್ನು ಬರೆಸು ಎಂದರು. ಅವನು ಬೇಡ ಎಂದ. ಆ ಜಾಗದಲ್ಲಿ ಬೊಮ್ಮಜ್ಜನ ಹೆಸರನ್ನೂ ಬಾಣಂತಿಯ ಹೆಸರನ್ನೂ ಬರೆಸಿದ. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ಊರು ಅವನನ್ನು ಹೊಗಳಿತು. ಹಾಡು ಕಟ್ಟುವವರು ಹಾಡು ಕಟ್ಟಿದರು. ಆಮೇಲೆ ಎರಡು ಸಲ ದೊಡ್ಡ ನೆರೆ ಬಂತು. ಎರಡು ಸಲವೂ ಕುಂಬಾರರು ದೋಣಿಯಲ್ಲಿ ಕುಳಿತು, ಹಗ್ಗ ಹಿಡಿದು, ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ದಾಟಿ ಬಂದರು. ಒಬ್ಬರೂ ಸಾಯಲಿಲ್ಲ. ಕೇತಯ್ಯ ಮುದುಕನಾಗಿದ್ದ. ಆದರೂ ಮಳೆಯಲ್ಲಿ ದಡಕ್ಕೆ ಬಂದು ನಿಂತು, ದೋಣಿಯಿಂದ ಇಳಿಯುವ ಪ್ರತಿಯೊಬ್ಬರಿಗೂ ಕೈ ಕೊಟ್ಟು ಇಳಿಸಿಕೊಂಡ. ಮಾಚವ್ವೆಗೂ ಕೈ ಕೊಟ್ಟ. ಅವಳು ಅವನ ಕೈ ಹಿಡಿದು ಇಳಿದಳು, ಕೈಮುಗಿದಳು, ಛತ್ರದ ಕಡೆ ನಡೆದಳು. ಅವಳ ಬೆನ್ನನ್ನು ನೋಡುತ್ತ ಅವನು ಬಹಳ ಹೊತ್ತು ನಿಂತಿರುತ್ತಿದ್ದ. ತನ್ನಲ್ಲಿದ್ದ ಹೊಲವನ್ನೇ ಕೊಟ್ಟ ಮೇಲೂ ಏನೋ ಒಂದನ್ನು ಕೊಡದೆ ಉಳಿಸಿಕೊಂಡಿದ್ದೇನೆ ಎಂದು ಅವನಿಗೆ ಅನಿಸುತ್ತಿತ್ತು. ಅದು ಏನೆಂದು ಸಾಯುವವರೆಗೂ ಅವನಿಗೆ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಸಿದ್ಧವೀರನ ಮುಖದಲ್ಲಿ ನೋವೂ ಇತ್ತು, ಸಮಾಧಾನವೂ ಇತ್ತು. ಬೆಲೆ ತೆತ್ತಾದರೂ ಕೇತಯ್ಯ ದಾರಿಯನ್ನು ಕಂಡುಕೊಂಡ, ಕೊಟ್ಟವರ ಮಾತೂ ಕೆಡಲಿಲ್ಲ, ಕುಂಬಾರರೂ ಭಯವಿಲ್ಲದೆ ದಾಟಿ ಬರುವಂತಾಯಿತು, ನನ್ನ ಊರಿನಲ್ಲಿಯೂ ಮೊದಲು ಅಂಥ ಒಂದು ದೋಣಿಯನ್ನು ಮಾಡಿಸುತ್ತೇನೆ ಎಂದ. ಗುರುಗಳು ಅವನನ್ನೇ ನೋಡುತ್ತಿದ್ದರು.

"ಹೊಳೆ ದಾಟಬೇಕಾದದ್ದು ಜೋಳದ ಮೂಟೆಯಲ್ಲ, ಹಸಿದವರು ಎಂದು ನಿನಗೂ ಅನಿಸಿಬಿಟ್ಟಿತಲ್ಲ, ಮಗು."